ಸಿಗರೇಟು ಬಿಡಿಸುವ ಔಷಧಿ ತಗೊಂಡರೆ ತಲೆ ಕೆಡುತ್ತಾ? ಯಾರಿಗೆ ಯಾವುದು ಹೊಂದುತ್ತದೆ?

ಸಿಗರೇಟು ಬಿಡೋಕೆ ಮಾತ್ರೆ ಇದೆ ಅಂದ ಕೂಡಲೇ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ಅದನ್ನ ತಗೊಂಡ್ರೆ ತಲೆ ಕೆಡುತ್ತಂತೆ, ಹೌದಾ?" ಇಂಟರ್ನೆಟ್‌ನಲ್ಲಿ ಹುಡುಕಿದರೆ ಹೆದರಿಕೆ ಇನ್ನೂ ಜಾಸ್ತಿಯಾಗುತ್ತದೆ. ಕೆಟ್ಟ ಕನಸು, ಸಿಟ್ಟು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಅಂತ ಒಂದರ ಹಿಂದೆ ಒಂದು ಕಾಣಿಸುತ್ತವೆ. ಅದನ್ನು ಓದಿದವರು ಮಾತ್ರೆಯ ಸಹವಾಸವೇ ಬೇಡ ಅಂದುಕೊಂಡು ಮತ್ತೆ ಒಂದು ಸಿಗರೇಟು ಹಚ್ಚುತ್ತಾರೆ. ನನಗೆ ತುಂಬಾ ಬೇಜಾರಾಗುವುದು ಇದಕ್ಕೇ. ಆ ಹೆದರಿಕೆಯ ದೊಡ್ಡ ಭಾಗ ಹಳೆಯದು, ಅದಕ್ಕೆ ಉತ್ತರ ಸಿಕ್ಕಿ ಎಷ್ಟೋ ವರ್ಷವಾಯಿತು.

ಹಾಗಂತ ಎಲ್ಲ ಔಷಧಿಯೂ ಎಲ್ಲರಿಗೂ ಸರಿ ಅಂತ ನಾನು ಹೇಳುವುದಿಲ್ಲ. ಯಾವ ಮಾತ್ರೆ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ನಿಮಗೆ ಹಿಂದೆ ಖಿನ್ನತೆ, ಆತಂಕ, ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಏರಿ, ಇನ್ನೊಮ್ಮೆ ಕುಗ್ಗುವ ಕಾಯಿಲೆ), ಫಿಟ್ಸ್ ಏನಾದರೂ ಇತ್ತಾ? ಈಗ ಅದಕ್ಕೆ ಮಾತ್ರೆ ತಗೊಳ್ತಾ ಇದ್ದೀರಾ? ಕುಡಿತ ಎಷ್ಟಿದೆ? ಆಯ್ಕೆ ಅರ್ಧಕ್ಕರ್ಧ ಈ ಉತ್ತರಗಳಲ್ಲೇ ಮುಗಿದುಹೋಗುತ್ತದೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ನೇರ ಮೆಡಿಕಲ್ ಶಾಪ್‌ಗೆ ಹೋಗಬೇಡಿ. ಡಾಕ್ಟರ ಹತ್ತಿರ ಏನು ಹೇಳಬೇಕು, ಏನು ಕೇಳಬೇಕು ಅನ್ನುವುದು ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

ಆ ಹೆದರಿಕೆ ಎಲ್ಲಿಂದ ಬಂತು

ವೆರೆನಿಕ್ಲಿನ್ ಅನ್ನುವ ಮಾತ್ರೆಗೆ ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಫೈಜರ್ ಕಂಪನಿ ಅದನ್ನು ಅಲ್ಲಿ ಚಾಂಟಿಕ್ಸ್ ಅಂತ, ಬೇರೆ ದೇಶಗಳಲ್ಲಿ ಚಾಂಪಿಕ್ಸ್ ಅಂತ ಮಾರಿತು. ಸ್ವಲ್ಪ ಕಾಲದಲ್ಲೇ ದೂರುಗಳು ಬರತೊಡಗಿದವು. ಮಾತ್ರೆ ತಗೊಂಡವರು ವಿಚಿತ್ರವಾಗಿ ಆಡುತ್ತಾರೆ, ಸಿಟ್ಟಾಗುತ್ತಾರೆ, ಸಾಯುವ ಮಾತಾಡುತ್ತಾರೆ ಅಂತ. 2008ರಲ್ಲಿ ಅಲ್ಲಿನ ವಿಮಾನಯಾನ ಇಲಾಖೆ ಪೈಲಟ್‌ಗಳು ಇದನ್ನು ತಗೊಳ್ಳಬಾರದು ಅಂದಿತು. 2009ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವೆರೆನಿಕ್ಲಿನ್ ಮತ್ತು ಸಿಗರೇಟು ಬಿಡಿಸುವ ಇನ್ನೊಂದು ಮಾತ್ರೆ ಬುಪ್ರೋಪಿಯಾನ್ ಎರಡರ ಮೇಲೂ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಔಷಧಿಯ ಲೇಬಲ್ ಮೇಲೆ ಅದಕ್ಕಿಂತ ದೊಡ್ಡ ಎಚ್ಚರಿಕೆ ಇಲ್ಲ.

ಆದರೆ ದೂರುಗಳಲ್ಲಿ ಒಂದು ತೊಡಕಿತ್ತು. ಸಿಗರೇಟು ಬಿಟ್ಟವರಿಗೆ ಯಾವ ಮಾತ್ರೆ ಇಲ್ಲದೆಯೂ ಸಿಟ್ಟು ಬರುತ್ತದೆ, ನಿದ್ದೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. ಹಾಗಾದರೆ ತಪ್ಪು ಮಾತ್ರೆಯದೋ, ನಿಕೋಟಿನ್ ನಿಂತದ್ದರದೋ? ಇದನ್ನು ಬಿಡಿಸಿ ನೋಡಲು ಎಫ್‌ಡಿಎ ಕಂಪನಿಗಳಿಗೆ ದೊಡ್ಡ ಪ್ರಯೋಗ ಮಾಡಲು ಹೇಳಿತು. ಅದರ ಹೆಸರು ಈಗಲ್ಸ್. ಫಲಿತಾಂಶ 2016ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 16 ದೇಶಗಳ 8,000ಕ್ಕೂ ಹೆಚ್ಚು ಜನ ಇದ್ದರು. ಅರ್ಧದಷ್ಟು ಮಂದಿಗೆ ಮೊದಲೇ ಮಾನಸಿಕ ಕಾಯಿಲೆ ಇತ್ತು ಅಥವಾ ಹಿಂದೆ ಇತ್ತು, ಉಳಿದವರಿಗೆ ಇರಲಿಲ್ಲ. ಕೆಲವರಿಗೆ ವೆರೆನಿಕ್ಲಿನ್, ಕೆಲವರಿಗೆ ಬುಪ್ರೋಪಿಯಾನ್, ಕೆಲವರಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್, ಇನ್ನು ಕೆಲವರಿಗೆ ಔಷಧಿಯೇ ಇಲ್ಲದ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ತಗೊಂಡವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ.

ಮಾನಸಿಕ ಕಾಯಿಲೆಯ ಇತಿಹಾಸ ಇಲ್ಲದವರಲ್ಲಿ ಗಮನಿಸಬೇಕಾದ ಮಟ್ಟದ ಮಾನಸಿಕ ತೊಂದರೆ ಕಂಡದ್ದು ಹೀಗೆ: ವೆರೆನಿಕ್ಲಿನ್ ತಗೊಂಡವರಲ್ಲಿ ಶೇ. 1.3, ಬುಪ್ರೋಪಿಯಾನ್‌ನಲ್ಲಿ ಶೇ. 2.2, ಪ್ಯಾಚ್‌ನಲ್ಲಿ ಶೇ. 2.5, ಖಾಲಿ ಮಾತ್ರೆಯಲ್ಲಿ ಶೇ. 2.4. ಇನ್ನೊಂದು ಸಲ ಓದಿ ನೋಡಿ. ಎಲ್ಲರೂ ಹೆದರುತ್ತಿದ್ದ ಮಾತ್ರೆಯಲ್ಲೇ ತೊಂದರೆ ಎಲ್ಲಕ್ಕಿಂತ ಕಡಿಮೆ! ಇಡೀ ಪ್ರಯೋಗದಲ್ಲಿ ಒಂದು ಆತ್ಮಹತ್ಯೆ ನಡೆಯಿತು. ಅದೂ ಖಾಲಿ ಮಾತ್ರೆಯ ಗುಂಪಿನಲ್ಲಿ.

ಮಾನಸಿಕ ಕಾಯಿಲೆ ಇದ್ದವರಲ್ಲಿ ಅಂಕಿ ಮೇಲೆ ಹೋಗುತ್ತದೆ: ವೆರೆನಿಕ್ಲಿನ್ ಶೇ. 6.5, ಬುಪ್ರೋಪಿಯಾನ್ ಶೇ. 6.7, ಪ್ಯಾಚ್ ಶೇ. 5.2, ಖಾಲಿ ಮಾತ್ರೆ ಶೇ. 4.9. ಇಲ್ಲಿ ಎರಡು ವಿಷಯ ಒಟ್ಟಿಗೆ ನೋಡಬೇಕು. ಮಾತ್ರೆಗೂ ಖಾಲಿ ಮಾತ್ರೆಗೂ ಇರುವ ವ್ಯತ್ಯಾಸ ಲೆಕ್ಕಾಚಾರದಲ್ಲಿ ಗಟ್ಟಿಯಾಗಿ ನಿಲ್ಲುವಷ್ಟು ದೊಡ್ಡದಲ್ಲ. ಆದರೆ ಇವರು ಯಾವ ದಾರಿಯಲ್ಲಿ ಬಿಟ್ಟರೂ, ಬರೀ ಮನಸ್ಸು ಗಟ್ಟಿಮಾಡಿ ಬಿಟ್ಟರೂ, ತೊಂದರೆಯ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಅಂದರೆ ಇವರಿಗೆ ಹೆಚ್ಚು ಬೇಕಾದದ್ದು ಜೊತೆಯಲ್ಲಿ ಗಮನಿಸುವ ಜನ.

2016ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಆ ಕಪ್ಪು ಚೌಕಟ್ಟನ್ನು ತೆಗೆಸಿತು. ಎಚ್ಚರಿಕೆಯ ಮಾತು ಲೇಬಲ್‌ನಲ್ಲಿ ಈಗಲೂ ಇದೆ, ಚೌಕಟ್ಟು ಮಾತ್ರ ಹೋಯಿತು. ಪ್ರಯೋಗಕ್ಕೆ ಹಣ ಹಾಕಿದ್ದು ಫೈಜರ್ ಮತ್ತು ಗ್ಲಾಕ್ಸೋ ಸ್ಮಿತ್‌ಕ್ಲೈನ್, ಅಂದರೆ ಮಾತ್ರೆ ಮಾಡುವವರೇ. ಇದನ್ನು ಮುಚ್ಚಿಡುವುದು ಸರಿಯಲ್ಲ. ಮಾನಸಿಕ ಕಾಯಿಲೆ ಹತೋಟಿಯಲ್ಲಿದ್ದವರನ್ನು ಮಾತ್ರ ಅದರಲ್ಲಿ ಸೇರಿಸಿಕೊಂಡಿದ್ದರು ಅನ್ನುವುದನ್ನೂ ಮರೆಯಬಾರದು. ಈಗ ಕಾಯಿಲೆ ಜೋರಾಗಿರುವವರಿಗೆ ಈ ಅಂಕಿಗಳನ್ನು ಹಾಗೇ ಅನ್ವಯಿಸಲು ಬರುವುದಿಲ್ಲ.

ವೆರೆನಿಕ್ಲಿನ್

ಇದು ಮೆದುಳಿನಲ್ಲಿ ನಿಕೋಟಿನ್ ಹೋಗಿ ಕೂರುವ ಜಾಗದಲ್ಲೇ ಕೂರುತ್ತದೆ. ಸ್ವಲ್ಪ ಸಮಾಧಾನ ಕೊಡುತ್ತದೆ, ಆದರೆ ಪೂರ್ತಿ ಅಲ್ಲ. ಜಾಗ ಮೊದಲೇ ತುಂಬಿರುವುದರಿಂದ ಆಗ ಸಿಗರೇಟು ಸೇದಿದರೂ ಹಿಂದಿನ ಮಜಾ ಸಿಗುವುದಿಲ್ಲ. ಈಗಲ್ಸ್‌ನಲ್ಲಿ 9ರಿಂದ 12ನೇ ವಾರದವರೆಗೆ ಒಂದೂ ಸೇದದೆ ಇದ್ದವರು ವೆರೆನಿಕ್ಲಿನ್‌ನಲ್ಲಿ ಶೇ. 33.5. ಬುಪ್ರೋಪಿಯಾನ್ ಶೇ. 22.6, ಪ್ಯಾಚ್ ಶೇ. 23.4, ಖಾಲಿ ಮಾತ್ರೆ ಶೇ. 12.5. ಒಂಟಿಯಾಗಿ ಕೊಡುವ ಔಷಧಿಗಳ ಪೈಕಿ ಈ ಮೂರರಲ್ಲಿ ಇದೇ ಮುಂದು. ಮಾನಸಿಕ ಕಾಯಿಲೆ ಇದ್ದವರಲ್ಲೂ ಇದೇ ಮುಂದಿತ್ತು.

ತೊಂದರೆ ಅಂದರೆ ಮೊದಲು ಬರುವುದು ಹೊಟ್ಟೆ ತೊಳಸು. ಸುಮಾರು ಮೂವರಲ್ಲಿ ಒಬ್ಬರಿಗೆ ಆಗುತ್ತದೆ. ಊಟವಾದ ಮೇಲೆ ಒಂದು ಲೋಟ ತುಂಬ ನೀರಿನ ಜೊತೆ ತಗೊಂಡರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಬರೀ ಕಾಫಿ ಕುಡಿದು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಂತಿ ಬಂದಂತಾಗುವುದು ಸಹಜ.

ಮನಸ್ಸಿನ ಕಡೆಗೆ ಬಂದರೆ ಹೆಚ್ಚಿನವರು ಹೇಳುವುದು ಕನಸಿನ ಬಗ್ಗೆ. ಬಣ್ಣಬಣ್ಣದ, ನಿಜವೇ ಅನ್ನಿಸುವ ಕನಸುಗಳು ಬೀಳುತ್ತವೆ. ಕೆಲವರಿಗೆ ಅದು ಕಿರಿಕಿರಿ, ಕೆಲವರಿಗೆ ಏನೂ ಅನ್ನಿಸುವುದಿಲ್ಲ. ಇದು ಹುಚ್ಚಿನ ಲಕ್ಷಣ ಅಲ್ಲ. ಎರಡನೇ ಮಾತ್ರೆಯನ್ನು ಮಲಗುವ ಹೊತ್ತಿಗೆ ತಗೊಳ್ಳದೆ ರಾತ್ರಿ ಊಟದ ಜೊತೆ ಬೇಗ ತಗೊಂಡರೆ ಸುಧಾರಿಸುತ್ತದೆ. ಆಗಲೂ ನಿದ್ದೆ ಹಾಳಾಗುತ್ತಿದ್ದರೆ ಡೋಸ್ ಕಡಿಮೆ ಮಾಡಬಹುದಾ ಅಂತ ಡಾಕ್ಟರನ್ನು ಕೇಳಿ. ನಿದ್ದೆಯಲ್ಲಿ ಎದ್ದು ಓಡಾಡುವುದು ಅಪರೂಪಕ್ಕೆ ಕಂಡಿದೆ. ಹಾಗಾದರೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು.

ಕುಡಿಯುವವರು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ವೆರೆನಿಕ್ಲಿನ್ ತಗೊಳ್ಳುವಾಗ ಮದ್ಯದ ಅಮಲು ಎಂದಿಗಿಂತ ಜಾಸ್ತಿ ಏರಬಹುದು, ಜಗಳಕ್ಕೆ ಹೋಗಬಹುದು, ಮಾಡಿದ್ದು ನೆನಪಿಲ್ಲದೆಯೂ ಇರಬಹುದು ಅಂತ 2015ರಲ್ಲಿ ಎಫ್‌ಡಿಎ ಎಚ್ಚರಿಸಿದೆ. ಮಾತ್ರೆ ನಿಮ್ಮ ಮೇಲೆ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯುವವರೆಗಾದರೂ ಕುಡಿತ ಕಡಿಮೆ ಮಾಡಿ. ಅದೇ ಸಂದರ್ಭದಲ್ಲಿ ಫಿಟ್ಸ್ ಬಗ್ಗೆಯೂ ಎಚ್ಚರಿಕೆ ಕೊಟ್ಟಿದ್ದರು, ಹಾಗಾಗಿ ಹಿಂದೆ ಫಿಟ್ಸ್ ಬಂದಿದ್ದರೆ ಮುಚ್ಚಿಡದೆ ಹೇಳಬೇಕು. ಕಿಡ್ನಿ ತೊಂದರೆ ಜೋರಾಗಿದ್ದವರಿಗೆ ಡೋಸ್ ಇಳಿಸಬೇಕಾಗುತ್ತದೆ.

ಶುರು ಮಾಡುವ ಕ್ರಮವೂ ಮುಖ್ಯ. ಮೊದಲ 3 ದಿನ 0.5 ಮಿಲಿಗ್ರಾಂ ದಿನಕ್ಕೊಂದು, ಮುಂದಿನ 4 ದಿನ ಅದೇ ದಿನಕ್ಕೆರಡು, ಆಮೇಲೆ 1 ಮಿಲಿಗ್ರಾಂ ದಿನಕ್ಕೆರಡು. ಒಟ್ಟು 12 ವಾರ. ಸಿಗರೇಟು ಬಿಡುವ ದಿನ ಸಾಮಾನ್ಯವಾಗಿ ಮಾತ್ರೆ ಶುರುವಾಗಿ ಒಂದು ವಾರಕ್ಕೆ. ಬೇಗ ಗುಣವಾಗಲಿ ಅಂತ ಮೊದಲ ದಿನವೇ ದೊಡ್ಡ ಡೋಸ್ ನುಂಗಿದರೆ ವಾಂತಿ, ನಿದ್ದೆಗೇಡು ಎರಡೂ ಒಟ್ಟಿಗೆ ಬರುತ್ತವೆ, ಆಮೇಲೆ "ಮಾತ್ರೆ ನನಗಾಗಲ್ಲ" ಅಂತ ಎಸೆಯುತ್ತಾರೆ.

2021ರಲ್ಲಿ ಫೈಜರ್ ತನ್ನ ಚಾಂಟಿಕ್ಸ್ ವಾಪಸ್ ತರಿಸಿಕೊಂಡ ಸುದ್ದಿ ಕೇಳಿರಬಹುದು. ಮಾನಸಿಕ ತೊಂದರೆಗೂ ಅದಕ್ಕೂ ಸಂಬಂಧ ಇಲ್ಲ. ಮಾತ್ರೆಯಲ್ಲಿ ನೈಟ್ರೊಸಮೀನ್ ಅನ್ನುವ ಬೇಡದ ಅಂಶ ಮಿತಿ ಮೀರಿತ್ತು. ಅದೇ ವರ್ಷ ಬೇರೆ ಕಂಪನಿಯ ಜೆನೆರಿಕ್ ವೆರೆನಿಕ್ಲಿನ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿತು.

ಬುಪ್ರೋಪಿಯಾನ್

ಇದು ಮೂಲತಃ ಖಿನ್ನತೆಯ ಮಾತ್ರೆ. ಅಮೆರಿಕದಲ್ಲಿ 1997ರಲ್ಲಿ ಜೈಬಾನ್ ಅನ್ನುವ ಹೆಸರಲ್ಲಿ ಸಿಗರೇಟು ಬಿಡಿಸಲೂ ಒಪ್ಪಿಗೆ ಸಿಕ್ಕಿತು. ಖಿನ್ನತೆಯೂ ಇದೆ, ಸಿಗರೇಟೂ ಬಿಡಬೇಕು, ಬಿಟ್ಟರೆ ತೂಕ ಏರುತ್ತದೆ ಅನ್ನುವ ಚಿಂತೆಯೂ ಇದೆ ಅನ್ನುವವರಿಗೆ ಇದು ಹೊಂದಬಹುದು, ಯಾಕೆಂದರೆ ಇದನ್ನು ತಗೊಳ್ಳುವಾಗ ತೂಕ ಅಷ್ಟಾಗಿ ಏರುವುದಿಲ್ಲ.

ಆದರೆ "ಖಿನ್ನತೆಯ ಮಾತ್ರೆ ತಾನೇ, ಮನಸ್ಸಿಗೆ ಒಳ್ಳೆಯದೇ" ಅಂತ ಸುಮ್ನೆ ನಂಬಬೇಡಿ. ಇದು ಚುರುಕು ಮಾಡುವ ಜಾತಿಯದು. ಬಾಯಿ ಒಣಗುತ್ತದೆ, ನಿದ್ದೆ ಕಡಿಮೆಯಾಗುತ್ತದೆ, ಮೊದಲೇ ಗಾಬರಿ ಸ್ವಭಾವದವರಿಗೆ ಎದೆ ಡವಡವ ಅನ್ನಬಹುದು. ಬೈಪೋಲಾರ್ ಇದ್ದವರಿಗೆ ಉನ್ಮಾದ ಕೆರಳಬಹುದು. ನಿದ್ದೆಯೇ ಬೇಡ ಅನ್ನಿಸುವುದು, ಮಾತು ನಿಲ್ಲದಿರುವುದು, ದುಡ್ಡು ಸುರಿಯುವುದು ಇವೆಲ್ಲ ಅದರ ಗುರುತು. ಬೈಪೋಲಾರ್ ಇದ್ದರೆ ಮನೋವೈದ್ಯರನ್ನು ಕೇಳದೆ ಇದನ್ನು ಮುಟ್ಟಲೇಬಾರದು ಅಂತ ನನ್ನ ಬಲವಾದ ಅಭಿಪ್ರಾಯ. 24 ವರ್ಷದೊಳಗಿನವರಲ್ಲಿ ಆತ್ಮಹತ್ಯೆಯ ಯೋಚನೆ ಬಗ್ಗೆ ಎಲ್ಲ ಖಿನ್ನತೆ ಮಾತ್ರೆಗಳ ಮೇಲಿರುವ ಎಚ್ಚರಿಕೆ ಇದಕ್ಕೂ ಇದೆ. 2016ರಲ್ಲಿ ತೆಗೆದದ್ದು ಸಿಗರೇಟು ಬಿಡುವ ವಿಚಾರದ ಚೌಕಟ್ಟನ್ನು ಮಾತ್ರ.

ಮನಸ್ಸಿಗಿಂತ ಇಲ್ಲಿ ದೊಡ್ಡ ಅಪಾಯ ಫಿಟ್ಸ್. ದಿನಕ್ಕೆ 300 ಮಿಲಿಗ್ರಾಂವರೆಗೆ ತಗೊಂಡರೆ ಸುಮಾರು 1,000ಕ್ಕೆ ಒಬ್ಬರಿಗೆ ಬರಬಹುದು. ಫಿಟ್ಸ್ ಇತಿಹಾಸ ಇದ್ದವರಿಗೆ, ಊಟ ಬಿಟ್ಟು ವಾಂತಿ ಮಾಡಿಕೊಳ್ಳುವಂಥ ಆಹಾರದ ಕಾಯಿಲೆ ಇದ್ದವರಿಗೆ, ವಿಪರೀತ ಕುಡಿದು ಈಗ ಏಕಾಏಕಿ ನಿಲ್ಲಿಸಿದವರಿಗೆ, ನಿದ್ದೆ ಮಾತ್ರೆ ದಿಢೀರ್ ಬಿಟ್ಟವರಿಗೆ ಇದು ಬೇಡವೇ ಬೇಡ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು, ನೋವಿಗೆ ಟ್ರಮಡಾಲ್ ತಗೊಳ್ಳುವವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. ಎರಡು ಡೋಸ್ ನಡುವೆ ಕನಿಷ್ಠ 8 ಗಂಟೆ ಇರಬೇಕು. ಒಂದು ಮರೆತರೆ ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ನುಂಗಬೇಡಿ. ಖಿನ್ನತೆಗೆ ಈಗಾಗಲೇ ಬುಪ್ರೋಪಿಯಾನ್ ನಡೆಯುತ್ತಿದ್ದರೆ ಸಿಗರೇಟಿಗೆ ಅಂತ ಬೇರೆ ಹೆಸರಿನದು ಮೇಲೆ ಸೇರಿಸಬೇಡಿ, ಎರಡೂ ಒಂದೇ ಔಷಧಿ.

ನಿಕೋಟಿನ್ ಗಮ್, ಪ್ಯಾಚ್, ಚೀಪುವ ಗುಳಿಗೆ

ಮಾನಸಿಕ ತೊಂದರೆಯ ಹೆದರಿಕೆ ತೀರಾ ಇದ್ದವರು ಸಾಮಾನ್ಯವಾಗಿ ಇಲ್ಲಿಂದ ಶುರು ಮಾಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಹೊಸ ರಾಸಾಯನಿಕ ಏನೂ ಒಳಗೆ ಹೋಗುವುದಿಲ್ಲ, ಸಿಗರೇಟಿನಲ್ಲಿದ್ದ ನಿಕೋಟಿನ್ನೇ ಹೊಗೆ ಇಲ್ಲದೆ ಸಿಗುತ್ತದೆ. ನಮ್ಮಲ್ಲಿ 2 ಮಿಲಿಗ್ರಾಂ ಗಮ್ ಚೀಟಿ ಇಲ್ಲದೆ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ, 4 ಮಿಲಿಗ್ರಾಂಗೆ ಡಾಕ್ಟರ್ ಚೀಟಿ ಬೇಕು.

ಗಮ್ ಕೆಲಸ ಮಾಡಲಿಲ್ಲ ಅನ್ನುವವರಲ್ಲಿ ಬಹಳ ಜನ ಅದನ್ನು ಬಬಲ್ ಗಮ್ ಥರ ಅಗಿದಿರುತ್ತಾರೆ. ನಿಧಾನವಾಗಿ ನಾಲ್ಕಾರು ಸಲ ಅಗಿದು, ಬಾಯಲ್ಲಿ ಖಾರ ಚುರುಗುಟ್ಟಿದಾಗ ಕೆನ್ನೆಯ ಒಳಗೆ ಒತ್ತಿ ಇಟ್ಟುಕೊಳ್ಳಬೇಕು, ಖಾರ ಹೋದ ಮೇಲೆ ಮತ್ತೆ ಅಗಿಯಬೇಕು. ಕಾಫಿ, ಜ್ಯೂಸ್ ಕುಡಿದು 15 ನಿಮಿಷ ಆಗಿರಬೇಕು. ಪ್ಯಾಚ್ 24 ಗಂಟೆ ಅಂಟಿಸಿಕೊಂಡು ಮಲಗಿದರೆ ಇದರಲ್ಲೂ ವಿಚಿತ್ರ ಕನಸು, ನಿದ್ದೆಗೇಡು ಬರುತ್ತದೆ. ಮಲಗುವ ಮೊದಲು ಕಿತ್ತರೆ ಸರಿಹೋಗುತ್ತದೆ. ಪ್ಯಾಚ್ ಒಂದೇ ಸಾಲದಿದ್ದರೆ ಪ್ಯಾಚ್ ಜೊತೆ ಗಮ್ ಸೇರಿಸಿ ಕೊಡುತ್ತಾರೆ. ಆ ಜೋಡಿ ಒಂದೊಂದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಸಿಟಿಸಿನ್ ಅನ್ನುವ ಇನ್ನೊಂದು ಮಾತ್ರೆಯ ಹೆಸರು ಬ್ರಿಟನ್‌ನಲ್ಲಿರುವ ಕನ್ನಡಿಗರು ಕೇಳಿರಬಹುದು. ಗಿಡದಿಂದ ತೆಗೆದದ್ದು. ಪೂರ್ವ ಯುರೋಪಿನಲ್ಲಿ ದಶಕಗಳಿಂದ ಬಳಕೆಯಲ್ಲಿದೆ, ಬ್ರಿಟನ್‌ಗೆ ಬಂದದ್ದು 2024ರಲ್ಲಿ. ವೆರೆನಿಕ್ಲಿನ್ ಇದರ ರಚನೆಯಿಂದಲೇ ಹುಟ್ಟಿದ್ದು, ಕೋರ್ಸ್ 25 ದಿನದ್ದು.

ಯಾರೂ ಹೇಳದ ವಿಷಯ: ಹೊಗೆ ನಿಂತಾಗ ಬೇರೆ ಮಾತ್ರೆಗಳಿಗೆ ಏನಾಗುತ್ತದೆ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ, ಮತ್ತು ಎಲ್ಲಕ್ಕಿಂತ ಕಡಿಮೆ ಮಾತಾಡುವುದೂ ಇದರ ಬಗ್ಗೆಯೇ. ಸಿಗರೇಟು, ಬೀಡಿಯ ಹೊಗೆಯಲ್ಲಿರುವ ಟಾರ್ ಲಿವರ್‌ನ ಒಂದು ಕಿಣ್ವವನ್ನು ಚುರುಕು ಮಾಡುತ್ತದೆ. ಆ ಕಿಣ್ವ ಕ್ಲೊಜಪಿನ್, ಒಲಾಂಜಪಿನ್‌ನಂಥ ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ಬೇಗ ಕರಗಿಸಿ ಹಾಕುತ್ತದೆ. ಸೇದುವವರಿಗೆ ಅದಕ್ಕೇ ಡೋಸ್ ಜಾಸ್ತಿ ಬೇಕಾಗಿರುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಕಿಣ್ವ ನಿಧಾನವಾಗುತ್ತದೆ, ಅದೇ ಡೋಸ್ ಈಗ ರಕ್ತದಲ್ಲಿ ಏರತೊಡಗುತ್ತದೆ.

ನಮ್ಮ ಚಿಕ್ಕಪ್ಪ ಒಲಾಂಜಪಿನ್ ತಗೊಳ್ಳುತ್ತಿದ್ದರು, ಬೀಡಿಯೂ ಸೇದುತ್ತಿದ್ದರು. ಬೀಡಿ ಬಿಟ್ಟ ಮೇಲೆ ಹಗಲೆಲ್ಲ ತೂಕಡಿಕೆ, ಎದ್ದರೆ ತಲೆಸುತ್ತು. ಬಿಟ್ಟಿದ್ದಕ್ಕೇ ಹೀಗಾಯಿತು, ಒಂದೆರಡು ಸೇದಲಿ ಬಿಡಿ ಅಂತ ಮನೆಯಲ್ಲೇ ಕೆಲವರು ಅಂದರು. ಅವರ ಮನೋವೈದ್ಯರು ವಿಷಯ ಕೇಳಿದ ಕೂಡಲೇ ಒಲಾಂಜಪಿನ್ ಡೋಸ್ ಇಳಿಸಿದರು, ಸರಿಹೋಯಿತು. ಕ್ಲೊಜಪಿನ್ ಆದರೆ ಇದು ಇನ್ನೂ ಗಂಭೀರ, ಫಿಟ್ಸ್‌ವರೆಗೂ ಹೋಗಬಹುದು. ಆ ಮಾತ್ರೆಯವರು ಬಿಡುವ ದಿನಕ್ಕೆ ಮೊದಲೇ ಡಾಕ್ಟರಿಗೆ ತಿಳಿಸಬೇಕು. ಕಿಣ್ವವನ್ನು ಚುರುಕು ಮಾಡುವುದು ಹೊಗೆ, ನಿಕೋಟಿನ್ ಅಲ್ಲ. ಹಾಗಾಗಿ ಗಮ್ ಅಗಿದರೂ, ಪ್ಯಾಚ್ ಹಾಕಿದರೂ ಈ ಏರಿಕೆ ಆಗಿಯೇ ಆಗುತ್ತದೆ. ಗುಟ್ಕಾ, ಕಡ್ಡಿಪುಡಿ ಬಿಡುವವರಿಗೆ ಈ ತೊಂದರೆ ಇಲ್ಲ.

ಕಾಫಿಗೂ ಇದೇ ಕಿಣ್ವ. ಸಿಗರೇಟು ಬಿಟ್ಟ ಮೇಲೆ ಹಿಂದಿನಷ್ಟೇ ಕಾಫಿ ಕುಡಿದರೆ ರಕ್ತದಲ್ಲಿ ಕೆಫೀನ್ ಸುಮಾರು ಎರಡು ಪಟ್ಟಾಗುತ್ತದೆ. ಕೈ ನಡುಕ, ಗಾಬರಿ, ನಿದ್ದೆ ಬಾರದಿರುವುದು ಶುರುವಾಗುತ್ತದೆ, ಜನ ಮಾತ್ರೆಯನ್ನು ಬೈಯುತ್ತಾರೆ. ದಿನಕ್ಕೆ ನಾಲ್ಕೈದು ಲೋಟ ಫಿಲ್ಟರ್ ಕಾಫಿ ಕುಡಿಯುವವರು ಬಿಡುವ ವಾರದಿಂದಲೇ ಅರ್ಧ ಮಾಡಿ. ಇದಕ್ಕೆ ದುಡ್ಡೂ ಬೇಡ, ಚೀಟಿಯೂ ಬೇಡ.

ಮಾತ್ರೆಯ ಕಾಟವೋ, ಬಿಟ್ಟದ್ದರ ಕಾಟವೋ

ನಿಕೋಟಿನ್ ನಿಂತದ್ದರ ಕಿರಿಕಿರಿ ಒಂದು ದಿನದೊಳಗೆ ಶುರುವಾಗುತ್ತದೆ, ಮೊದಲ ವಾರ ಜೋರಾಗಿರುತ್ತದೆ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಸಿಟ್ಟು, ಚಡಪಡಿಕೆ, ಗಮನ ನಿಲ್ಲದಿರುವುದು, ಮನಸ್ಸು ಮಂಕಾಗುವುದು ಎಲ್ಲವೂ ಇದರಲ್ಲಿ ಬರುತ್ತದೆ. ಅದಕ್ಕೇ ನಾನು ಹೇಳುವುದು, ಮಾತ್ರೆ ಶುರು ಮಾಡುವ ಮೊದಲೇ ನಿಮ್ಮ ನಿದ್ದೆ, ಸಿಟ್ಟು, ಮನಸ್ಸು ಹೇಗಿದೆ ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಸಿಗರೇಟು ಬಿಡುವ ಮುಂಚಿನ ಆ ಒಂದು ವಾರ ಮಾತ್ರೆಯನ್ನೂ ತಗೊಳ್ತೀರಿ, ಸಿಗರೇಟೂ ಇರುತ್ತದೆ. ಆಗ ಏನಾದರೂ ವಿಚಿತ್ರ ಶುರುವಾದರೆ ಅದು ನಿಕೋಟಿನ್ ನಿಂತದ್ದರದಲ್ಲ, ಮಾತ್ರೆಯ ಮೇಲೆ ಅನುಮಾನ ಪಡಬಹುದು. ನಾಲ್ಕು ವಾರ ಕಳೆದ ಮೇಲೂ ಮನಸ್ಸು ಕುಗ್ಗುತ್ತಲೇ ಹೋದರೆ "ಬಿಟ್ಟದ್ದಕ್ಕೆ ಹೀಗೆ" ಅಂತ ಸುಮ್ನಿರಬೇಡಿ.

ಮನೆಯಲ್ಲಿ ಒಬ್ಬರಿಗಾದರೂ ಹೇಳಿರಿ. ನಮ್ಮಲ್ಲಿ ಎಷ್ಟೋ ಗಂಡಸರು ಸೇದುವುದನ್ನೂ ಮನೆಯವರಿಂದ ಮುಚ್ಚಿಡುತ್ತಾರೆ, ಬಿಡುವುದನ್ನೂ ಮುಚ್ಚಿಡುತ್ತಾರೆ. ಆಗ ಸ್ವಭಾವ ಬದಲಾದರೆ ಗಮನಿಸುವವರು ಯಾರು? ಹೆಂಡತಿಗೋ ಅಣ್ಣನಿಗೋ ಸ್ನೇಹಿತನಿಗೋ "ನಾನು ಈ ಮಾತ್ರೆ ತಗೊಳ್ತಾ ಇದ್ದೀನಿ, ನಾನು ಬೇರೆ ಥರ ಆಡಿದ್ರೆ ಹೇಳು" ಅಂದರೆ ಸಾಕು. ಸಾಯುವ ಯೋಚನೆ, ಇಲ್ಲದ್ದು ಕೇಳಿಸುವುದು, ಹೊಡೆಯುವಷ್ಟು ಸಿಟ್ಟು, ವಿಪರೀತ ಅನುಮಾನ ಬಂದರೆ ಮಾತ್ರೆ ನಿಲ್ಲಿಸಿ, ಅದೇ ದಿನ ಡಾಕ್ಟರನ್ನು ಕಾಣಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಹಾಗಾದರೆ ನಾನು ಯಾರಿಗೆ ಏನು ಹೇಳುತ್ತೇನೆ

ಮಾನಸಿಕ ಕಾಯಿಲೆ ಇಲ್ಲ, ಫಿಟ್ಸ್ ಇಲ್ಲ, ದಿನಕ್ಕೆ ಒಂದು ಪ್ಯಾಕ್ ಅಥವಾ ಜಾಸ್ತಿ, ಗಮ್ ಪ್ರಯತ್ನಿಸಿ ಸೋತಿದ್ದೀರಿ ಅಂದರೆ ವೆರೆನಿಕ್ಲಿನ್ ಬಗ್ಗೆ ಡಾಕ್ಟರನ್ನು ಕೇಳಿ, ಹೆದರಿಕೆಯಿಂದ ಹಿಂದೆ ಸರಿಯಬೇಡಿ. ಖಿನ್ನತೆ ಅಥವಾ ಆತಂಕ ಇದ್ದು ಈಗ ಹತೋಟಿಯಲ್ಲಿದ್ದರೂ ವೆರೆನಿಕ್ಲಿನ್ ಸಾಧ್ಯ, ಆದರೆ ಮೊದಲ ತಿಂಗಳು ಡಾಕ್ಟರನ್ನು ಆಗಾಗ ಕಾಣುವ ಏರ್ಪಾಡು ಇರಲಿ. ಹೊಸದಾಗಿ ಖಿನ್ನತೆ ಪತ್ತೆಯಾಗಿ ಹೇಗೂ ಒಂದು ಮಾತ್ರೆ ಶುರು ಮಾಡಬೇಕು, ಫಿಟ್ಸ್ ಇಲ್ಲ, ಬೈಪೋಲಾರ್ ಅಲ್ಲ ಅಂದರೆ ಬುಪ್ರೋಪಿಯಾನ್ ಎರಡು ಕೆಲಸವನ್ನೂ ಮಾಡೀತಾ ಅಂತ ಮನೋವೈದ್ಯರನ್ನು ಕೇಳುವುದು ಸರಿ. ಕಾಯಿಲೆ ಈಗ ಜೋರಾಗಿದೆ, ಮಾತ್ರೆ ಹೊಂದಿಸುತ್ತಿದ್ದಾರೆ ಅಂದರೆ ಆ ಹೊತ್ತಿನಲ್ಲಿ ಹೊಸ ಮಾತ್ರೆ ಸೇರಿಸುವ ಬದಲು ಪ್ಯಾಚ್, ಗಮ್ ನನಗೆ ಹೆಚ್ಚು ಸಮಾಧಾನ. ದಿನಕ್ಕೆ ಐದಾರು ಸೇದುವವರು 2 ಮಿಲಿಗ್ರಾಂ ಗಮ್‌ನಿಂದ ಶುರು ಮಾಡಬಹುದು. ಗರ್ಭಿಣಿಯರಿಗೆ ಇದರಲ್ಲಿ ಯಾವುದನ್ನೂ ಸ್ವಂತವಾಗಿ ತಗೊಳ್ಳುವಂತಿಲ್ಲ.

ಯಾವುದನ್ನೇ ಆರಿಸಿದರೂ ಜೊತೆಗೆ ಮಾತಾಡುವ ಸಹಾಯ ಇದ್ದರೆ ಗೆಲ್ಲುವ ಸಾಧ್ಯತೆ ಏರುತ್ತದೆ. 1800-11-2356 ಅನ್ನುವ ಕ್ವಿಟ್‌ಲೈನ್ (ತಂಬಾಕು ಬಿಡಲು ನೆರವಾಗುವ ಸಹಾಯವಾಣಿ) ನಂಬರ್ ಸಿಗರೇಟು ಪ್ಯಾಕ್ ಮೇಲೆಯೇ ಇರುತ್ತದೆ. ಫೋನ್ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲಿ ಮಾತಾಡುತ್ತಾರೆ.

12 ವಾರ ಮುಗಿದು ವೆರೆನಿಕ್ಲಿನ್ ನಿಲ್ಲಿಸಿದಾಗ ಸುಮಾರು 100ಕ್ಕೆ ಮೂವರಿಗೆ ಮತ್ತೆ ಸಿಡುಕು, ನಿದ್ದೆಗೇಡು, ಸೇದುವ ಆಸೆ ಕಾಣಿಸಿಕೊಳ್ಳಬಹುದು. ಹಾಗಾಗಿ ಕೊನೆಯ ಸ್ಟ್ರಿಪ್ ಖಾಲಿಯಾಗುವ ವಾರಕ್ಕೇ ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಂಡಿಡಿ. ಡೋಸ್ ನಿಧಾನವಾಗಿ ಇಳಿಸುವುದೋ, ಬಿಟ್ಟವರಿಗೆ ಇನ್ನೂ 12 ವಾರ ಮುಂದುವರಿಸುವುದೋ ಅಂತ ಆಗ ಇಬ್ಬರೂ ಕೂತು ನಿರ್ಧರಿಸಬಹುದು.